ಬರಿಗಾಲಿನ ವೀರ ಅಹ್ಮದ್ ಖಾನ್

ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಯಲ್ಲಿ ಮಳೆಗಾಲದ ಕೆಸರಿನಲ್ಲಿ ಬರಿಗಾಲಿನಿಂದ ಚೆಂಡನ್ನೊದೆಯುವ ಬಾಲಕರನ್ನು ಕಾಣಬಹುದು. ಹಾಗೆಯೇ ಬರಿಗಾಲಿನಲ್ಲಿ ಆಡಿ ಜಗತ್ತಿನ ಮುಂದೆ ನಿಂತ ಕನ್ನಡ ನಾಡಿನ ಕ್ರೀಡಾಪಟು ಅಹ್ಮದ್ ಖಾನ್.

ಅವರು 1926ರಲ್ಲಿ ಬೆಂಗಳೂರಿನ ಫುಟ್‌ಬಾಲ್ ಆಟಗಾರರ ಮನೆತನವೊಂದರಲ್ಲಿ ಜನಿಸಿದರು. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಪಳಗಿ, 1948ರಲ್ಲಿ ಲಂಡನ್ ಒಲಿಂಪಿಕ್ ಕ್ರೀಡಾಕೂಟಕ್ಕೆ ಆಯ್ಕೆಯಾದರು. ಅಲ್ಲಿ ಫ್ರಾನ್ಸಿನೆದುರು ಭಾರತವು 1-2ರಿಂದ ಸೋತಿತು. ಆದರೆ ನಮ್ಮವರ ಬರಿಗಾಲಿನ ಆಟ ನೋಡಿದವರ ಮನಗೆದ್ದಿತು.

1949ರಲ್ಲಿ ಅಹ್ಮದರು ಹುಟ್ಟೂರನ್ನು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ನುಡಿ ಬೇರೆ, ನೆಲ ಬೇರೆ. ಆದರೂ ಚೆಂಡನ್ನು ಕಾಲಿನಲ್ಲಿ ಕುಣಿಸುವ ಅವರ ಚಳಕಕ್ಕೆ ಬಂಗಾಳದ ಜನ ಮಾರುಹೋಗಿ, ಅವರನ್ನು ಹಾವಾಡಿಗನೆಂದರು. ಆ ತಂಡದ ಐವರು ಮುನ್ನಡೆ ಆಟಗಾರರು ಪಂಚಪಾಂಡವರೆನಿಸಿದರು. ಅವರಲ್ಲಿ ಅಹ್ಮದರೂ ಒಬ್ಬರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದೆದುರು ಭಾರತಕ್ಕೆ ಘೋರ ಪರಾಜಯವಾಯಿತು. ಎದುರಾಳಿಗಳು ಹತ್ತು ಗೋಲು ಹೊಡೆದಿದ್ದರು. ಆಟ ಮುಗಿಯಲು ಕೆಲವೇ ಕ್ಷಣಗಳಿದ್ದವು. ಸೋಲು ಖಚಿತವಾಗಿದ್ದ ಆ ಗಳಿಗೆಯಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ಅಹ್ಮದರು. ಆ ಸೋಲಿನ ತರುವಾಯ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಅಹ್ಮದರು ಹತ್ತು ವರ್ಷ ಒಂದೇ ತಂಡದಲ್ಲಿ ದುಡಿದು, 1959ರಲ್ಲಿ ಅಲ್ಲಿಂದ ನಿವೃತ್ತರಾದರು. 2017ರಲ್ಲಿ ಬೆಂಗಳೂರಿನಲ್ಲಿ ಕಾಲವಶರಾದರು. ಗೆಲುವಿಗಾಗಿ ಆಡುವವರು ಹಲವರು. ಸೋಲು ಎದುರಿಗಿದ್ದಾಗಲೂ ಕೊನೆಯವರೆಗೆ ಆಡುವವನೇ ನಿಜವಾದ ಆಟಗಾರ.