ನೀರಿಳಿಸುವ ಮಾತ್ರೆಯಲ್ಲಿ ಪಾದರಸ ಇದೆಯೇ? ಪ್ಯಾರಾಸೆಲ್ಸಸ್ ಎಂಬ ವೈದ್ಯನ ಕಥೆ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನಾವು ಭೇಟಿಯಾದ ಅಜ್ಜಿಯೊಬ್ಬರು ಹೃದಯದ ತೊಂದರೆಗೆ ಕೊಟ್ಟಿದ್ದ ನೀರಿಳಿಸುವ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದರು. ಕಾಲು ಎರಡೂ ಊದಿಕೊಂಡಿದ್ದವು. ಕಾರಣ, ಮೊಮ್ಮಗನ ವಾಟ್ಸಾಪ್‌ಗೆ ಬಂದ ಒಂದು ಫಾರ್ವರ್ಡ್. ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಪಾದರಸ ಇರುತ್ತದೆ, ಅದು ಮೈಯಲ್ಲೇ ಉಳಿದುಬಿಡುತ್ತದೆ ಎಂದು ಅದರಲ್ಲಿತ್ತು. ಇದು ಹಸಿ ಸುಳ್ಳಲ್ಲ, ಹಳಸಿದ ನಿಜ. ಇದರ ಬೇರು ಐನೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಪ್ಯಾರಾಸೆಲ್ಸಸ್ ಹುಟ್ಟಿದ್ದು 1493ರಲ್ಲಿ, ಈಗಿನ ಸ್ವಿಟ್ಜರ್ಲೆಂಡಿನಲ್ಲಿ. ತಂದೆಯೂ ವೈದ್ಯರು. ಹುಡುಗನಿಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ಮನೆಯವರು ಆಸ್ಟ್ರಿಯಾದ ಗಣಿ ಸೀಮೆಗೆ ಬಂದು ನೆಲೆಸಿದರು. ಅದಿರು, ಕುಲುಮೆ, ಲೋಹದ ಹೊಗೆ, ಇವುಗಳ ನಡುವೆಯೇ ಆತ ಬೆಳೆದ. (ನಮ್ಮ ಪಕ್ಕದ ಕೆಜಿಎಫ್‌ನಲ್ಲೂ ಚಿನ್ನ ಹಿಡಿಯಲು ಪಾದರಸ ಬಳಸುತ್ತಿದ್ದರು.) ಮುಂದೆ ಗಣಿ ಕಾರ್ಮಿಕರ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಅದು ಅಚ್ಚಾಗಿದ್ದು ಆತ ಸತ್ತ ಮೇಲೆ, 1567ರಲ್ಲಿ.

ಜಗಳಗಂಟ ಮನುಷ್ಯ. 1527ರಲ್ಲಿ ಬಾಸೆಲ್ ಪಟ್ಟಣದ ವೈದ್ಯನಾಗಿ ಕೆಲಸ ಸಿಕ್ಕಿತು. ಲ್ಯಾಟಿನ್ ಬಿಟ್ಟು ಜನರಾಡುವ ಜರ್ಮನ್ ಭಾಷೆಯಲ್ಲಿ ಪಾಠ ಮಾಡಿದ, ಹಳೆಯ ವೈದ್ಯಗ್ರಂಥವನ್ನು ಹಬ್ಬದ ಬೆಂಕಿಗೆ ಹಾಕಿದ. ಮರುವರ್ಷವೇ ಊರು ಬಿಡಬೇಕಾಯಿತು. ಆಮೇಲೆ ಊರೂರು ಅಲೆದಾಟ.

ಮೈಯಲ್ಲಿ ನೀರು ತುಂಬಿ ಊದಿಕೊಂಡವರಿಗೆ ಆತ ಪಾದರಸದ ಔಷಧಿ ಕೊಡುತ್ತಿದ್ದ. ಮೂತ್ರ ಧಾರಾಳವಾಗಿ ಹೋಗಿ ಊತ ಇಳಿಯುತ್ತಿತ್ತು. ವಿಷವೋ ಮದ್ದೋ ಎಂಬುದನ್ನು ನಿರ್ಧರಿಸುವುದು ಪ್ರಮಾಣವೇ ಎಂದು 1538ರಲ್ಲಿ ಬರೆದವನೂ ಈತನೇ. ಬೇರೆ ವೈದ್ಯರು ಅಳತೆಯಿಲ್ಲದೆ ಪಾದರಸ ಹಚ್ಚುವುದನ್ನು ಕಟುವಾಗಿ ಟೀಕಿಸಿದ್ದ. ಆದರೆ ಅದು ಮೈಯಿಂದ ಹೇಗೆ ಹೊರಹೋಗುತ್ತದೆ ಎಂದು ತಿಳಿಯುವ ದಾರಿ ಆ ಕಾಲದಲ್ಲಿ ಇರಲಿಲ್ಲ.

ಈಗ ಗೊತ್ತು. ಪಾದರಸವು ಮೂತ್ರಪಿಂಡದ ಸಣ್ಣ ನಾಳಗಳಲ್ಲಿರುವ ಪ್ರೋಟೀನಿನ ಗಂಧಕದ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಗ ಮೂತ್ರಪಿಂಡಕ್ಕೆ ಉಪ್ಪನ್ನು ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಅಂದರೆ ಹೆಚ್ಚು ಮೂತ್ರ ಬಂತೆಂದರೆ ವಿಷ ತೊಳೆದುಹೋಯಿತು ಎಂದಲ್ಲ, ವಿಷ ಮೂತ್ರಪಿಂಡವನ್ನು ಹಿಡಿದಿದೆ ಎಂದು.

1919ರಲ್ಲಿ ವಿಯೆನ್ನಾದ ವೈದ್ಯ ವಿದ್ಯಾರ್ಥಿ ಆಲ್ಫ್ರೆಡ್ ಫೋಗ್ಲ್, ಸಿಫಿಲಿಸ್‌ಗೆ ಕೊಟ್ಟ ಪಾದರಸದ ಇಂಜೆಕ್ಷನ್ನಿಂದ ಮೂತ್ರ ವಿಪರೀತ ಹೆಚ್ಚಿದ್ದನ್ನು ಗಮನಿಸಿದ. ಅಲ್ಲಿಂದ ಸುಮಾರು ನಾಲ್ಕು ದಶಕ ಹೃದಯ ರೋಗಿಗಳಿಗೆ ಇಂಥ ಇಂಜೆಕ್ಷನ್ನೇ ಗತಿ. ಅದರಲ್ಲಿನ ಪಾದರಸದ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತಿತ್ತು, ಸ್ವಲ್ಪ ಮಲದಲ್ಲಿ. ಉಳಿದದ್ದು ಮೂತ್ರಪಿಂಡದಲ್ಲಿ ಕೂರುತ್ತಿತ್ತು. ಹೀಗೆ ಮೈಯಲ್ಲಿ ಕೂತದ್ದು ಅರ್ಧ ಕಡಿಮೆಯಾಗಲು ಸುಮಾರು ಎರಡು ತಿಂಗಳು ಬೇಕು. ಅಷ್ಟರೊಳಗೆ ಮತ್ತೆ ಮತ್ತೆ ಚುಚ್ಚಿದರೆ ಶೇಖರವಾಗುತ್ತದೆ. ಬಿಂದಿಗೆಗಟ್ಟಲೆ ನೀರು ಕುಡಿದರೂ ಈ ಅಂಟು ಬಿಡದು. ಗಂಧಕವಿರುವ ಬೇರೆ ಔಷಧಿಯನ್ನು ಆಸ್ಪತ್ರೆಯಲ್ಲಿ ಕೊಟ್ಟು ಹೊರತೆಗೆಯಬೇಕು.

1958ರ ಸುಮಾರಿಗೆ ಕ್ಲೋರೋಥಯಾಜೈಡ್ ಮಾತ್ರೆ ಬಂತು, 1960ರ ದಶಕದಲ್ಲಿ ಫ್ಯೂರೋಸಮೈಡ್. ಎರಡರಲ್ಲೂ ಪಾದರಸ ಇಲ್ಲ. ಹಳೆಯ ಇಂಜೆಕ್ಷನ್‌ಗಳು ಮೂಲೆಗೆ ಸರಿದವು.

ಪ್ಯಾರಾಸೆಲ್ಸಸ್ 1541ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ತೀರಿಕೊಂಡ. ವಯಸ್ಸು ಐವತ್ತೂ ಆಗಿರಲಿಲ್ಲ. ಶತಮಾನಗಳ ನಂತರ ಆತನದೆಂದು ಕಾಪಾಡಿಕೊಂಡು ಬಂದ ಮೂಳೆಗಳನ್ನು ಪರೀಕ್ಷಿಸಿದಾಗ ಪಾದರಸ ಹೆಚ್ಚಾಗಿಯೇ ಸಿಕ್ಕಿತು.

ಅಜ್ಜಿಯ ಮಾತ್ರೆ ಪಟ್ಟಿಯನ್ನು ತಿರುಗಿಸಿ ಓದಿದೆವು: ಫ್ಯೂರೋಸಮೈಡ್ 40 ಮಿ.ಗ್ರಾಂ. ಅವತ್ತೇ ಮಧ್ಯಾಹ್ನ ಮೊಮ್ಮಗ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೊರಟ.