ನಕ್ಷತ್ರಗಳ ಹುಟ್ಟಿನ ಲೆಕ್ಕ ಬರೆದ ಸರ್ ಜೇಮ್ಸ್ ಜೀನ್ಸ್

1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಜರುಗಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ರಜತ ಮಹೋತ್ಸವ ಅಧಿವೇಶನಕ್ಕೆ ಲಾರ್ಡ್ ರುದರ್‌ಫೋರ್ಡರು ಅಧ್ಯಕ್ಷರಾಗಬೇಕಿತ್ತು. ಹಿಂದಿನ ಅಕ್ಟೋಬರಿನಲ್ಲಿ ಅವರು ನಿಧನ ಹೊಂದಿದ್ದರಿಂದ ಆ ಪೀಠವನ್ನು ಅಲಂಕರಿಸಿದವರು ಸರ್ ಜೇಮ್ಸ್ ಜೀನ್ಸ್. 'ದಿ ಮಿಸ್ಟೀರಿಯಸ್ ಯೂನಿವರ್ಸ್' (1930) ಗ್ರಂಥದ ಕರ್ತೃವೆಂದು ಅವರು ಆಗಲೇ ಜಗದ್ವಿಖ್ಯಾತರಾಗಿದ್ದರು. ಆದರೆ ಖಗೋಳ ವಿಜ್ಞಾನದಲ್ಲಿ ಇಂದಿಗೂ ಅವರ ಹೆಸರು ಉಳಿದಿರುವುದು ತಾರುಣ್ಯದಲ್ಲಿ ಮಾಡಿದ ಒಂದು ಲೆಕ್ಕದಿಂದ.

1877ರಲ್ಲಿ ಇಂಗ್ಲೆಂಡಿನ ಆರ್ಮ್‌ಸ್ಕರ್ಕ್‌ನಲ್ಲಿ ಜನಿಸಿದ ಜೀನ್ಸ್, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಕಲಿತರು. 1902ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಸರಳ: ಬಾಹ್ಯಾಕಾಶದಲ್ಲಿ ಹರಡಿರುವ ಅನಿಲದ ಮೋಡವೊಂದು ಯಾವಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ? ಅನಿಲದ ಒತ್ತಡ ಹೊರಕ್ಕೆ ತಳ್ಳುತ್ತದೆ, ಗುರುತ್ವ ಒಳಕ್ಕೆ ಸೆಳೆಯುತ್ತದೆ. ಒಂದು ಮಿತಿಯನ್ನು ಮೀರಿದ ಮೋಡದಲ್ಲಿ ಗುರುತ್ವವೇ ಗೆಲ್ಲುತ್ತದೆ. ಉಷ್ಣತೆ ಬದಲಾಗದೆ ಸಾಂದ್ರತೆ ನಾಲ್ಕು ಪಟ್ಟಾದರೆ, ಕುಸಿತಕ್ಕೆ ಬೇಕಾದ ಕನಿಷ್ಠ ದ್ರವ್ಯರಾಶಿ ಅರ್ಧಕ್ಕಿಳಿಯುತ್ತದೆ. ದಟ್ಟವಾದ, ತಣ್ಣನೆಯ ಅನಿಲವಿರುವಲ್ಲೇ ನಕ್ಷತ್ರಗಳು ಹುಟ್ಟುವುದು ಇದರಿಂದಲೇ. ಆ ಮಿತಿಗೆ 'ಜೀನ್ಸ್ ದ್ರವ್ಯರಾಶಿ' ಎಂದು ಹೆಸರು.

ಈ ಲೆಕ್ಕದಲ್ಲೊಂದು ಹುಳುಕೂ ಇತ್ತು. ಎಲ್ಲೆಡೆ ಸಮನಾಗಿ ಹರಡಿದ ಅನಿಲದ ಗುರುತ್ವವನ್ನು ಬದಿಗಿರಿಸಿ, ಏರುಪೇರಾದ ಭಾಗದ ಗುರುತ್ವವನ್ನಷ್ಟೇ ಹಿಡಿಯಲಾಗಿತ್ತು. ಖಗೋಳಜ್ಞರು ಇದನ್ನು ವಿನೋದವಾಗಿ 'ಜೀನ್ಸ್ ವಂಚನೆ' ಎನ್ನುವುದುಂಟು. ಬ್ಯಾಂಕಿನ ಲೆಡ್ಜರುಗಳಲ್ಲೇ ಆಯುಷ್ಯ ಸವೆಸಿದ ನಮಗೆ ಇಂಥದ್ದು ಲೆಕ್ಕಪರಿಶೋಧಕರ ಕಣ್ಣು ತಪ್ಪಿಸಲಾರದೆನಿಸುತ್ತದೆ. ಆದರೂ ಉತ್ತರ ಮಾತ್ರ ನಿಂತಿತು.

ಅದೇ ದಿನಗಳಲ್ಲಿ ಅವರನ್ನು ಕೀಲುಗಳ ಕ್ಷಯ ಕಾಡಿತು. ಆಗ ಕ್ಷಯಕ್ಕೆ ಮದ್ದಿರಲಿಲ್ಲ. ವಿಶ್ರಾಂತಿ, ಶುದ್ಧ ಗಾಳಿ, ಮಿಕ್ಕದ್ದು ದೈವೇಚ್ಛೆ. ಆರೋಗ್ಯಧಾಮದಲ್ಲಿದ್ದುಕೊಂಡೇ ಅವರು ಅನಿಲಗಳ ಚಲನ ಸಿದ್ಧಾಂತದ ಮೇಲೆ ಬೃಹತ್ ಗ್ರಂಥ ರಚಿಸಿದರು; ಅದು 1904ರಲ್ಲಿ ಹೊರಬಂತು. ಗುಣಮುಖರಾಗಿ 1905ರಿಂದ 1909ರವರೆಗೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1928ರಲ್ಲಿ ಸರ್ ಪದವಿ ಬಂತು.

ಹಾದುಹೋದ ನಕ್ಷತ್ರವೊಂದು ಸೂರ್ಯನಿಂದ ಸೆಳೆದ ಅನಿಲವೇ ಗ್ರಹಗಳಾಯಿತೆಂಬ ಅವರ ವಾದ ಒಂದು ಕಾಲಕ್ಕೆ ಮನೆಮಾತಾಗಿತ್ತು; ಅವರ ಜೀವಿತಕಾಲದಲ್ಲೇ ಅದು ಬಿದ್ದುಹೋಯಿತು. ಮೊದಲ ಪತ್ನಿ 1934ರಲ್ಲಿ ತೀರಿಕೊಂಡರು. ಮರುವರ್ಷ ಆರ್ಗನ್ ವಾದಕಿ ಸೂಸಿ ಹಾಕ್ ಅವರನ್ನು ವರಿಸಿದ ಜೀನ್ಸ್, ಸಂಗೀತದ ವಿಜ್ಞಾನದ ಮೇಲೂ ಪುಸ್ತಕ ಬರೆದರು. 1946ರ ಸೆಪ್ಟೆಂಬರ್ 16ರಂದು ಕಣ್ಮುಚ್ಚಿದರು.

ಒಂದು ಮೋಡ ಕುಸಿಯುವ ಲೆಕ್ಕವನ್ನು ಜೀನ್ಸ್ ಕೊಟ್ಟರು. ಇಡೀ ಗ್ಯಾಲಕ್ಸಿಯ ಲೆಕ್ಕ ಮುಂದಿನವರ ಪಾಲಿಗಿತ್ತು. 1959ರಲ್ಲಿ ಮಾರ್ಟನ್ ಶ್ಮಿಟ್, ನಕ್ಷತ್ರಗಳು ಹುಟ್ಟುವ ವೇಗ ಅನಿಲದ ಸಾಂದ್ರತೆಯ ಸುಮಾರು ವರ್ಗಕ್ಕೆ ಅನುಗುಣವಾಗಿದೆಯೆಂದು ಸೂಚಿಸಿದರು. 1998ರಲ್ಲಿ ರಾಬರ್ಟ್ ಕೆನಿಕಟ್ ಹತ್ತಾರು ಗ್ಯಾಲಕ್ಸಿಗಳನ್ನು ಅಳೆದು, ಬಿಲ್ಲೆಯ ಮೇಲ್ಮೈಯಲ್ಲಿನ ಅನಿಲ ಸಾಂದ್ರತೆಗೆ ಆ ಘಾತ 1.4ರಷ್ಟೆಂದು ತೋರಿಸಿದರು. ಅಂದರೆ ಅನಿಲ ಹತ್ತು ಪಟ್ಟು ದಟ್ಟವಾದರೆ ನಕ್ಷತ್ರ ಜನನ ಸುಮಾರು ಇಪ್ಪತ್ತೈದು ಪಟ್ಟು. ಅದೇಕೆ ಹಾಗೆ ಎಂಬ ಚರ್ಚೆ ಖಗೋಳಜ್ಞರಲ್ಲಿ ಇನ್ನೂ ಮುಗಿದಿಲ್ಲ.