ನೊಣಗಳಿಂದ ಕಾನೂನಿನವರೆಗೆ: ಹರ್ಮನ್ ಮುಲ್ಲರ್

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆಲ್ಲ ಮಾರ್ಗನ್ ಅವರ ಹಣ್ಣಿನ ನೊಣಗಳು ಪರಿಚಿತ. ಆ ಮಾರ್ಗನ್ ಅವರ ಪ್ರಯೋಗಾಲಯದಲ್ಲಿ ಪಳಗಿದವರೇ ಹರ್ಮನ್ ಜೋಸೆಫ್ ಮುಲ್ಲರ್. 1890ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ವಿದ್ಯಾರ್ಥಿವೇತನ ಪಡೆದು, ರಜೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು.

ಟೆಕ್ಸಾಸ್‌ನಲ್ಲಿ ಅವರು ನೊಣಗಳ ಮೇಲೆ ಎಕ್ಸ್-ರೇ ಹಾಯಿಸಿದರು. ಹುಟ್ಟಿದ ಪೀಳಿಗೆಯಲ್ಲಿ ಉತ್ಪರಿವರ್ತನೆಗಳು ಸುಮಾರು 150 ಪಟ್ಟು ಹೆಚ್ಚಿದ್ದವು. 1927ರಲ್ಲಿ ಇದು ಪ್ರಕಟವಾಯಿತು. ವಿಕಿರಣದ ಪ್ರಮಾಣ ಹೆಚ್ಚಿದಷ್ಟೂ ಹಾನಿ ಹೆಚ್ಚು, ಸ್ವಲ್ಪವೇ ಆದರೂ ಪೂರ್ಣ ಸುರಕ್ಷಿತವಲ್ಲ ಎಂಬುದು ಅವರ ನಿಲುವಾಯಿತು.

ಆಗ ಎಕ್ಸ್-ರೇ ಎಂದರೆ ಜನರಿಗೆ ಬೆರಗು, ಭಯವಿರಲಿಲ್ಲ. ಅಮೆರಿಕದ ಚಪ್ಪಲಿ ಅಂಗಡಿಗಳಲ್ಲಿ ಮಕ್ಕಳ ಪಾದದ ಅಳತೆ ನೋಡಲೂ ಎಕ್ಸ್-ರೇ ಯಂತ್ರ ಇಡುತ್ತಿದ್ದರು! ಅನಗತ್ಯವಾಗಿ ಬಳಸಬೇಡಿ ಎಂದ ಮುಲ್ಲರ್ ಮಾತು ಹಲವು ವೈದ್ಯರಿಗೆ ರುಚಿಸಲಿಲ್ಲ.

ಬರ್ಲಿನ್, ಮಾಸ್ಕೋ, ಎಡಿನ್‌ಬರೊ ಸುತ್ತಿ ತಾಯ್ನಾಡಿಗೆ ಮರಳಿದ ಅವರಿಗೆ 1946ರಲ್ಲಿ ನೊಬೆಲ್ ಬಂತು. ಹಿರೋಶಿಮಾ ಸುಟ್ಟು ಒಂದೇ ವರ್ಷವಾಗಿತ್ತು. 1955ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಪರಮಾಣು ಸಮ್ಮೇಳನ ನಡೆದಾಗ, ಅಮೆರಿಕದ ಪರಮಾಣು ಶಕ್ತಿ ಆಯೋಗ ಅವರ ಪ್ರಬಂಧವನ್ನು ತಡೆಯಿತು. ಅದರಲ್ಲಿ ಹಿರೋಶಿಮಾದ ಪ್ರಸ್ತಾಪವಿತ್ತು. ಮುಲ್ಲರ್ ಮನೆಯಲ್ಲಿ ಕೂರಲಿಲ್ಲ. ಜಿನೀವಾಕ್ಕೆ ಹೋಗಿ ಸಭಿಕರ ನಡುವೆ ಕುಳಿತರು. ವಿಜ್ಞಾನಿಗಳು ಎದ್ದು ನಿಂತು ಅವರನ್ನು ಗೌರವಿಸಿದರು.

ಮರುವರ್ಷವೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞ ಸಮಿತಿಯಲ್ಲಿ ಅವರೂ ಇದ್ದರು. 30 ವರ್ಷ ವಯಸ್ಸಿನೊಳಗೆ ಜನರ ಸಂತಾನಾಂಗಗಳಿಗೆ ತಗಲುವ ಕೃತಕ ವಿಕಿರಣ ಸರಾಸರಿ 10 ರಾಂಟ್‌ಜನ್ ಮೀರಬಾರದೆಂದು ಆ ಸಮಿತಿ ಸಲಹೆ ಕೊಟ್ಟಿತು. ಕಾರ್ಮಿಕರಿಗಷ್ಟೇ ಅಲ್ಲ, ಸಾಮಾನ್ಯ ಜನರಿಗೂ ಒಂದು ಮಿತಿ ಬೇಕೆಂಬ ವಿಚಾರ ಹೀಗೆ ಬಲಗೊಂಡಿತು.

ಅವರ ಎಲ್ಲ ಮಾತೂ ಸರಿಯಲ್ಲ. ಆಯ್ದ ಸಂತಾನದಿಂದ ಮನುಷ್ಯಕುಲವನ್ನು ಉತ್ತಮಗೊಳಿಸಬಹುದೆಂಬ ಅವರ ವಾದವನ್ನು ನಾನಂತೂ ಒಪ್ಪಲಾರೆ. ಹಿರೋಶಿಮಾದಲ್ಲಿ ಬದುಕುಳಿದವರ ಮಕ್ಕಳಲ್ಲಿ ಅವರು ಅಂಜಿದ್ದ ಆನುವಂಶಿಕ ಹಾನಿ ಸ್ಪಷ್ಟವಾಗಿ ಕಂಡುಬಂದಿಲ್ಲ. ಬದುಕುಳಿದವರಲ್ಲೇ ಕ್ಯಾನ್ಸರ್ ಹೆಚ್ಚಿತು. ಅತಿ ಕಡಿಮೆ ಪ್ರಮಾಣದ ಅಪಾಯದ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೂ ಕಾನೂನು ಎಚ್ಚರಿಕೆಯ ಪಕ್ಷವನ್ನೇ ಹಿಡಿದಿದೆ. ಭಾರತದಲ್ಲಿ ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್.

ಮುಲ್ಲರ್ 1967ರ ಏಪ್ರಿಲ್ 5ರಂದು ತೀರಿಕೊಂಡರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಎಕ್ಸ್-ರೇ ಕೋಣೆಯ ಬಾಗಿಲು ನೋಡಿ. ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ ಅಲ್ಲಿರುತ್ತದೆ.